ಮಫ್ಲರ್ ಹೆಣೆದು ತಿಳಿದ ಲೆಕ್ಕ

ನಾವು ಸುದ್ದಿ ಬರೆಯುವವರು. ಉಲನ್ ಕಡ್ಡಿ ಹಿಡಿದವರಲ್ಲ. ಆದರೂ ಕಳೆದ ಚಳಿಗಾಲ ಒಂದು ಮಫ್ಲರ್ ಹೆಣೆದೆವು. ಇಷ್ಟಪಟ್ಟು ಕೂತದ್ದಲ್ಲ, ಹೆಣೆಯಬೇಕಾಗಿ ಬಂತು. ಯಾಕೆ ಬಂತು ಅನ್ನುವುದನ್ನು ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇವೆ.

ಇನ್ನೊಂದು ಮಾತು. ವರದಿಯಲ್ಲಿ 'ನಾನು' ಅಂತ ಬರೆಯಬಾರದು ಎಂದು ಡಿಪ್ಲೊಮಾ ಓದುವಾಗ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಹತ್ತು ವರ್ಷ ಜಿಲ್ಲೆ ಸುತ್ತಿ ಬರೆದ ಮೇಲೆ ಆ 'ನಾನು' ಬಾಯಿಂದಲೂ ಹೋಗಿಬಿಟ್ಟಿದೆ. ಹಾಗಾಗಿ ಇಲ್ಲೂ 'ನಾವು' ಅಂತಲೇ ಬರೆಯುತ್ತೇವೆ. ತಪ್ಪು ಮಾಡಿದವರು ಮಾತ್ರ ಒಬ್ಬರೇ.

2022ರ ಡಿಸೆಂಬರ್. ಚಿತ್ರದುರ್ಗ ಜಿಲ್ಲೆಯಲ್ಲಿ ನಾವು ಓಡಾಡುವ ಕಡೆಯ ಒಂದು ಹಳ್ಳಿ. ಹೆಣ್ಣುಮಕ್ಕಳಿಗೆ ಹದಿನೈದು ದಿನದ ಉಲನ್ ಹೆಣಿಗೆ ತರಬೇತಿ ನಡೆದಿತ್ತು. ಸಮಾರೋಪಕ್ಕೆ ಬನ್ನಿ ಅಂತ ಕರೆದರು, ಬೈಕ್ ಹತ್ತಿ ಹೋದೆವು. ಸಮುದಾಯ ಭವನದಲ್ಲಿ ಇಪ್ಪತ್ತು ಜನ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಮಫ್ಲರ್. ನೀಲಿ ಹೋಗಿ ಹಸಿರು, ಹಸಿರು ಹೋಗಿ ಹಳದಿ, ಅದರ ಮೇಲೆ ಕೇಸರಿ. ನೀರಿನ ಅಲೆಯ ಹಾಗೆ ಡೊಂಕು ಡೊಂಕು ಪಟ್ಟೆ. ಫೋಟೋಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಪತ್ರಿಕಾ ಟಿಪ್ಪಣಿ ಕೊಟ್ಟರು, ಉಪ್ಪಿಟ್ಟು ಕೊಟ್ಟರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಫೋನಲ್ಲೇ ಟೈಪ್ ಮಾಡಿ ಕಳಿಸಿದೆವು. ಮರುದಿನ ನಾಲ್ಕು ಕಾಲಂ, ಬಣ್ಣದ ಫೋಟೋ ಸಮೇತ ಬಂತು. 'ಉಲನ್ ಹೆಣೆದು ಸ್ವಾವಲಂಬಿಗಳಾದ ಮಹಿಳೆಯರು' ಅಂತ ಶೀರ್ಷಿಕೆ. ಆ ವರದಿಗೆ ನಮಗೆ ಬಂದದ್ದು 200 ರೂಪಾಯಿ. ಅದೂ ನಾಲ್ಕು ತಿಂಗಳು ಕಳೆದ ಮೇಲೆ. ಬಂದಾಗ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳೋಣ.

ಎರಡು ವರ್ಷ ಕಳೆಯಿತು. ಅದೇ ಊರಿನಲ್ಲಿ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದೆ ಅಂತ ಯಾರೋ ಫೋನ್ ಮಾಡಿದರು. ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಹೋದೆವು. ಘಟಕದ ಫೋಟೋ ತೆಗೆಯುತ್ತಿದ್ದರೆ ಕೊಡ ಇಟ್ಟುಕೊಂಡು ನಿಂತಿದ್ದ ಒಬ್ಬ ಅಕ್ಕ ಗುರುತು ಹಿಡಿದರು.

"ಏನಣ್ಣ, ಪೇಪರ್‌ನೋರಲ್ವಾ ನೀವು? ನಮ್ಮನ್ನ ಸಾಹುಕಾರ್ರು ಮಾಡಿ ಹೋದೋರು?"

ಸುತ್ತ ಇದ್ದವರು ನಕ್ಕರು. ನಾವೂ ನಕ್ಕೆವು. ಅಕ್ಕ ಮಾತ್ರ ನಗಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಚಾ ಇಟ್ಟರು. ಆಮೇಲೆ ಒಳಗಿನಿಂದ ಟ್ರಂಕ್ ಎಳೆದು ತಂದು ಮುಚ್ಚಳ ತೆಗೆದರು. ಒಳಗೆ ಹನ್ನೊಂದು ಮಫ್ಲರ್. ನುಸಿಗುಳಿಗೆ ವಾಸನೆ. ಅವೇ ನೀಲಿ, ಹಸಿರು, ಹಳದಿ ಅಲೆಗಳು.

"ಹದಿನಾಲ್ಕು ಹಾಕಿದ್ದೆ. ಮೂರು ಹೋದ್ವು. ಒಂದು ನಮ್ಮ ತಂಗಿ ತಗಂಡ್ಲು, ದುಡ್ಡು ಇಸ್ಕಳ್ಳಲಿಲ್ಲ. ಎರಡು ಮಾರಿದೆ, ಒಂದೊಂದು ಇನ್ನೂರೈವತ್ತಕ್ಕೆ."

ಅಷ್ಟೇ ಆಗಿದ್ದರೆ ನಾವು ಚಾ ಕುಡಿದು, ಪಾಪ ಅಂದು ಎದ್ದು ಬರುತ್ತಿದ್ದೆವೋ ಏನೋ. ಅಕ್ಕ ಮುಂದೆ ಹೇಳಿದ್ದು ಕೇಳಿ ಏಳಲಿಕ್ಕಾಗಲಿಲ್ಲ. ಯಜಮಾನರ ಕಾಲಿನ ಆಪರೇಷನ್ ಸಮಯದಲ್ಲಿ ನೆಂಟರೊಬ್ಬರ ಹತ್ತಿರ ಎಂಟು ಸಾವಿರ ಕೈಸಾಲ ತಂದಿದ್ದರಂತೆ. ಸುಗ್ಗಿಯಲ್ಲಿ ಶೇಂಗಾ ಮಾರಿ ಕೊಡುವ ಮಾತು. ನಮ್ಮ ವರದಿ ಬಂದ ವಾರಕ್ಕೆ ಸಾಲ ಕೊಟ್ಟವರು ಪೇಪರ್ ಕತ್ತರಿಸಿ ಜೇಬಲ್ಲಿಟ್ಟುಕೊಂಡು ಬಂದರು. "ತಿಂಗಳಿಗೆ ಆರು ಸಾವಿರ ದುಡೀತಿದೀರಂತೆ, ನಮ್ದು ಕೊಡಾಕೇನು?" ಇಲ್ಲ ಅಂದರೆ ನಂಬಲಿಲ್ಲ. ಪೇಪರಲ್ಲಿ ಬಂದಿದೆಯಲ್ಲ! ಮಾತಿಗೆ ಮಾತು ಬೆಳೆಯಿತು. ಕೊನೆಗೆ ಯಜಮಾನರು ಇನ್ನೂ ಬಲಿಯದ ಎರಡು ಕುರಿಮರಿ ಮಾರಿ ದುಡ್ಡು ಕಟ್ಟಿದರು. ಆ ನೆಂಟರ ಮನೆಗೂ ಇವರ ಮನೆಗೂ ಈಗ ಹೋಗುಬರುವಿಕೆ ಇಲ್ಲ.

ಆರು ಸಾವಿರ ಅನ್ನುವ ಅಂಕಿ ಎಲ್ಲಿಂದ ಬಂತು? ಅಲ್ಲೇ ಕೂತು ಫೋನಲ್ಲಿ ಹಳೆಯ ಮೇಲ್ ಹುಡುಕಿದೆವು. ಪತ್ರಿಕಾ ಟಿಪ್ಪಣಿಯ ಫೋಟೋ ಸಿಕ್ಕಿತು. ಅದರಲ್ಲಿ 'ತಿಂಗಳಿಗೆ 6 ಸಾವಿರ ರೂಪಾಯಿವರೆಗೆ ಆದಾಯ ಗಳಿಸಬಹುದು' ಅಂತಿತ್ತು. ನಾವು ಬರೆದು ಕಳಿಸಿದ್ದು 'ಗಳಿಸುತ್ತಿದ್ದಾರೆ' ಅಂತ. ಡೆಸ್ಕಿನವರು ತಿದ್ದಿರಬಹುದು ಅಂತ ಒಂದು ಗಳಿಗೆ ಆಸೆಯಿಂದ ನೋಡಿದೆವು. ಇಲ್ಲ, ನಮ್ಮದೇ ಕೈ. ತರಬೇತಿ ಮುಗಿದ ದಿನವೇ ಯಾರು ತಿಂಗಳ ಆದಾಯ ಗಳಿಸುತ್ತಾರೆ ಅಂತ ನಮಗೂ ಹೊಳೆಯಲಿಲ್ಲ, ಡೆಸ್ಕಿನವರಿಗೂ ಹೊಳೆಯಲಿಲ್ಲ.

ಅಕ್ಕನಿಗೆ ಅದನ್ನು ತೋರಿಸಿದೆವು. ತಪ್ಪಾಯ್ತಕ್ಕ ಅಂದೆವು. ಅವರು ಬೈಯಲಿಲ್ಲ. "ಒಂದು ಹಾಕಾಕೆ ಎಷ್ಟೊತ್ತು ಬೇಕು ಅಂತ ಆವತ್ತು ನೀವು ಕೇಳಲೇ ಇಲ್ಲ" ಅಂದರು.

"ಎಷ್ಟು ಬೇಕಕ್ಕ?"

"ನೀವೇ ಒಂದು ಹಾಕಿ ನೋಡಿ, ಗೊತ್ತಾಗ್ತೈತೆ."

ಎರಡು ಉಂಡೆ ದಾರ, ಒಂದು ಜೊತೆ ಕಡ್ಡಿ ಎತ್ತಿ ಕೈಗಿಟ್ಟರು. ದಾರದ ದುಡ್ಡು 180 ರೂಪಾಯಿ ಲೆಕ್ಕ ಹಾಕಿ ಇಸ್ಕೊಂಡರು. ಅದು ಸರಿಯಾದದ್ದೇ.

ಈಗ ಆ ದಾರದ ವಿಚಾರ. ಅಂಗಡಿಯಲ್ಲಿ 'ಶೇಡೆಡ್ ಉಲನ್' ಅಂತ ಕೇಳಿದರೆ ಕೊಡುತ್ತಾರೆ. ಒಂದೇ ಎಳೆ. ಆದರೆ ಉದ್ದಕ್ಕೆ ಬಣ್ಣ ಬದಲಾಗುತ್ತಾ ಹೋಗುತ್ತದೆ. ಏಳೆಂಟು ಮೊಳ ನೀಲಿ, ಆಮೇಲೆ ಏಳೆಂಟು ಮೊಳ ಹಸಿರು, ಹೀಗೆ. ಮಫ್ಲರ್ ನೋಡಿದವರಿಗೆ ಸಾಲು ಸಾಲಿಗೂ ದಾರ ಬದಲಿಸಿ, ಗಂಟು ಹಾಕಿ ಹೆಣೆದಂತೆ ಕಾಣುತ್ತದೆ. ಹಾಗೇನೂ ಇಲ್ಲ. ಹೆಣೆಯುವವರು ತಮ್ಮ ಪಾಡಿಗೆ ಹೆಣೆಯುತ್ತಿರುತ್ತಾರೆ, ಪಟ್ಟೆ ತಾನಾಗಿ ಬೀಳುತ್ತದೆ. ಜಪಾನಿನ ನೋರೋ ಅನ್ನುವ ದಾರ ಇದಕ್ಕೇ ಹೊರದೇಶಗಳಲ್ಲೆಲ್ಲ ಹೆಸರುವಾಸಿ. ನಮ್ಮ ಕಡೆ ಬರುವುದು ಅಗ್ಗದ ಅಕ್ರಿಲಿಕ್. ಹೆಸರಿಗೆ ಉಲನ್. ಕುರಿಗೂ ಅದಕ್ಕೂ ಸಂಬಂಧವಿಲ್ಲ, ಪೆಟ್ರೋಲಿಯಂನಿಂದ ಬರುವ ರಾಸಾಯನಿಕದಿಂದ ಮಾಡಿದ ನೂಲು.

ತಾನಾಗಿ ಪಟ್ಟೆ ಬೀಳುತ್ತದೆ ಅಂದ ಮಾತ್ರಕ್ಕೆ ಹೇಗೆ ಹೆಣೆದರೂ ಚೆನ್ನಾಗಿ ಬರುವುದಿಲ್ಲ. ಒಂದು ಸಾಲು ಹೆಣೆಯಲು ಅಗಲದ ಸುಮಾರು ಮೂರರಷ್ಟು ದಾರ ಬೇಕು. ಮಫ್ಲರ್ ಗೇಣಗಲ ಇದ್ದರೆ ಒಂದು ಬಣ್ಣ ಐದು ಸಾಲಿಗೆ ಬರುತ್ತದೆ, ಪಟ್ಟೆ ಎದ್ದು ಕಾಣುತ್ತದೆ. ಅದೇ ದಾರದಲ್ಲಿ ದೊಡ್ಡವರ ಸ್ವೆಟರ್ ಹಾಕಿದರೆ ಎರಡು ಸಾಲಿಗೇ ಬಣ್ಣ ಮುಗಿಯುತ್ತದೆ, ಪಟ್ಟೆ ಸಣ್ಣದಾಗಿ ಕಲಸಿಹೋಗುತ್ತದೆ. ಇನ್ನು ಮೊಳಕ್ಕೊಂದು ಬಣ್ಣ ಬದಲಾಗುವ ದಾರವಾದರೆ ಪಟ್ಟೆಯೇ ಬರುವುದಿಲ್ಲ. ಒಂದೇ ಬಣ್ಣ ಒಂದರ ಮೇಲೊಂದು ಬಂದು ಅಲ್ಲಲ್ಲಿ ಗುಡ್ಡೆ ಬೀಳುತ್ತದೆ, ಚಾ ಚೆಲ್ಲಿದ ಹಾಗೆ ಕಾಣುತ್ತದೆ. ಇಂಥ ದಾರದಲ್ಲಿ ಹೂವು, ಜಡೆ ಅಂತ ಸಣ್ಣ ಕೆಲಸ ಮಾಡಿದರೆ ಬಣ್ಣದ ಗದ್ದಲದಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಅಲೆಯ ಹೆಣಿಗೆ ಹಾಕುತ್ತಾರೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹೆಂಗಸರು ಹಿಂದಿನಿಂದ ಶಾಲುಗಳಿಗೆ ಹಾಕುತ್ತಿದ್ದ ಹೆಣಿಗೆ ಅದು. ಅದು ಹೇಗೋ ನಮ್ಮ ಬಯಲುಸೀಮೆಯ ಸಮುದಾಯ ಭವನದವರೆಗೂ ಬಂದಿದೆ.

ಅಕ್ಕ ಹೇಳಿಕೊಟ್ಟ ಹಾಗೆ ಬರೆಯುತ್ತೇವೆ, ಬೇಕಾದವರು ಹಾಕಿ ನೋಡಿ. ಎಂಟನೇ ನಂಬರ್ ಕಡ್ಡಿ, ಅಂದರೆ 4 ಮಿಲಿಮೀಟರ್ ದಪ್ಪದ್ದು. ಈ ನಂಬರಿನಲ್ಲಿ ಅಂಕಿ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ನಲವತ್ತು ಕುಣಿಕೆ ಏರಿಸಬೇಕು. ಎರಡೂ ಅಂಚಿಗೆ ಎರಡೆರಡು ಕುಣಿಕೆ ಯಾವಾಗಲೂ ಸೀದಾ. ನಡುವೆ ಹದಿನೆಂಟು ಕುಣಿಕೆಯ ಎರಡು ಅಲೆ. ಮೊದಲ ಸಾಲು ಪೂರ್ತಿ ಸೀದಾ. ಎರಡನೆಯದು ಉಲ್ಟಾ. ಮೂರನೆಯದರಲ್ಲಿ ಕೆಲಸ ಇರುವುದು: ಎರಡೆರಡು ಕುಣಿಕೆ ಸೇರಿಸಿ ಒಂದು ಮಾಡುವುದು ಮೂರು ಸಲ, ಆಮೇಲೆ ದಾರ ಸುತ್ತಿ ಹೊಸ ಕುಣಿಕೆ ಮಾಡಿ ಒಂದು ಸೀದಾ ಹಾಕುವುದು ಆರು ಸಲ, ಮತ್ತೆ ಎರಡೆರಡು ಸೇರಿಸುವುದು ಮೂರು ಸಲ. ನಾಲ್ಕನೇ ಸಾಲು ಪುನಃ ಸೀದಾ. ಈ ನಾಲ್ಕು ಸಾಲನ್ನೇ ಕೊನೆತನಕ ಹಾಕುತ್ತಾ ಹೋಗುವುದು.

ಒಂದು ಅಲೆಯಲ್ಲಿ ಆರು ಕಡಿಮೆಯಾಗುತ್ತವೆ, ಆರು ಹೊಸದಾಗಿ ಹುಟ್ಟುತ್ತವೆ. ಕಳೆದಷ್ಟೇ ಕೂಡಬೇಕು. ಸಾಲಿನ ಕೊನೆಗೆ ಎಣಿಸಿದರೆ ನಲವತ್ತೇ ಇರಬೇಕು. ನಮಗೆ ಮೊದಲ ಮೂರು ದಿನ ಒಮ್ಮೆ ಮೂವತ್ತೆಂಟು, ಒಮ್ಮೆ ನಲವತ್ಮೂರು. ಬಿಚ್ಚುವುದು, ಮತ್ತೆ ಹಾಕುವುದು. ಮನೆಯಲ್ಲಿ ಹೆಂಡತಿ ಮೊದಲು ನಕ್ಕಳು. ಆಮೇಲೆ ವಿಷಯ ತಿಳಿದು ಸುಮ್ಮನಾದಳು. ಮಗಳು ಮಾತ್ರ ರಾತ್ರಿ ಪಕ್ಕದಲ್ಲಿ ಕೂತು, "ಅಪ್ಪಾ, ಈಗ ಯಾವ ಬಣ್ಣ ಬರುತ್ತೆ?" ಅಂತ ಉಂಡೆ ತಿರುಗಿಸಿ ನೋಡುತ್ತಿದ್ದಳು. ಈ ದಾರದಲ್ಲಿ ಅದೊಂದು ಚಟ ಇದೆ. ಮುಂದಿನ ಬಣ್ಣ ಬರಲಿ, ಆಮೇಲೆ ಮಲಗೋಣ ಅನ್ನಿಸುತ್ತದೆ.

ಮಂತ್ರಿಗಳ ಕಾರ್ಯಕ್ರಮಕ್ಕೆ ಹೋದರೆ ಅವರು ಬರುವುದು ಎರಡು ಮೂರು ಗಂಟೆ ತಡ ಅಂತ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಅಲ್ಲೂ ಕಡ್ಡಿ ತೆಗೆದೆವು. ಜೊತೆಯ ವರದಿಗಾರರು ವಿಡಿಯೋ ಮಾಡಿ ಗ್ರೂಪಿಗೆ ಹಾಕಿದರು. ಒಬ್ಬ ಅಜ್ಜ ಬಂದು, "ಪೇಪರ್ ಮುಚ್ಚಿದ್ರಾ ಏನು?" ಅಂತ ಕೇಳಿಹೋದರು.

ಅರ್ಧ ಆದಾಗ ಒಂದು ಕುಣಿಕೆ ಜಾರಿತು. ನೋಡಿಕೊಳ್ಳಲಿಲ್ಲ. ಮರುದಿನ ಹಿಡಿದು ಎಳೆದರೆ ಹತ್ತು ಹನ್ನೆರಡು ಸಾಲು ಏಣಿಯ ಹಾಗೆ ಕೆಳಗಿಳಿದಿದೆ. ಬಿಚ್ಚುವ ಧೈರ್ಯ ಇಲ್ಲ. ಚೀಲದಲ್ಲಿಟ್ಟುಕೊಂಡು ಮತ್ತೆ ಅಕ್ಕನ ಮನೆಗೆ ಹೋದೆವು. ಅವರು ಕ್ರೋಶಾ ಕಡ್ಡಿ ತಗೊಂಡು ಒಂದೊಂದೇ ಎಳೆ ಮೇಲೆತ್ತಿ ಹತ್ತು ನಿಮಿಷದಲ್ಲಿ ಮೊದಲಿನಂತೆ ಮಾಡಿದರು. ಇದನ್ನು ಮಾಡುವಾಗ ಅವರ ಕಣ್ಣು ಒಲೆಯ ಮೇಲಿನ ಮುದ್ದೆ ಪಾತ್ರೆ ಕಡೆಯೂ ಇತ್ತು.

ಅಕ್ಕನ ಅತ್ತೆ ಅಲ್ಲೇ ಕೂತಿದ್ದರು. ಅವರ ತವರು ಕಂಬಳಿ ನೇಯುವವರ ಮನೆ. ಮಫ್ಲರ್ ಕೈಗೆ ತಗೊಂಡು ಉಜ್ಜಿ ನೋಡಿ, "ಇದು ಮಳೆ ತಡೀತೈತೇನಪ್ಪ?" ಅಂದರು. ತಡೆಯುವುದಿಲ್ಲ ಅಂದೆವು. "ಮತ್ತೆ ಯಾಕೆ?" ಅಂದರು. ಅವರ ಕಾಲದಲ್ಲಿ ಕುರಿ ಕತ್ತರಿಸಿದ ಉಣ್ಣೆಯನ್ನು ಹೆಂಗಸರು ನೂಲುತ್ತಿದ್ದರು, ಗಂಡಸರು ನೇಯುತ್ತಿದ್ದರು. ಹುಣಸೆಬೀಜದ ಗಂಜಿ ಹಾಕಿ ಗಟ್ಟಿ ಮಾಡುತ್ತಿದ್ದರು. ಬಣ್ಣ ಕುರಿಯದೇ, ಕರಿ ಇಲ್ಲವೇ ಬಿಳಿ. ಚಳ್ಳಕೆರೆ ಸಂತೆಯಲ್ಲಿ ಕಂಬಳಿಗೆ ಕೊಳ್ಳುವವರು ಇದ್ದರು, ಬೆಲೆ ಎಲ್ಲರಿಗೂ ಗೊತ್ತಿತ್ತು. ಈಗ ಅದೇ ಮನೆಯ ಹಟ್ಟಿಯಲ್ಲಿ ಕುರಿ ಇವೆ, ಉಣ್ಣೆ ಕೇಳುವವರಿಲ್ಲ. ಒಳಗೆ ಸೊಸೆ ಪೇಟೆಯಿಂದ ದುಡ್ಡು ಕೊಟ್ಟು ತಂದ ಅಕ್ರಿಲಿಕ್ ಹೆಣೆದಿದ್ದಾರೆ. ದಖನಿ ಕುರಿಯ ಉಣ್ಣೆ ಒರಟು, ಕುತ್ತಿಗೆಗೆ ಚುಚ್ಚುತ್ತದೆ ಅನ್ನುವುದೂ ನಿಜ. ಆದರೂ ತರಬೇತಿ ಕೊಟ್ಟವರು ಆ ಹಟ್ಟಿಯ ಕಡೆ ಒಮ್ಮೆಯಾದರೂ ನೋಡಿದ್ದರೋ ಇಲ್ಲವೋ. ನಾವಂತೂ ನೋಡಿರಲಿಲ್ಲ.

ಸಂಕ್ರಾಂತಿ ಕಳೆದು ಮೂರು ದಿನಕ್ಕೆ ನಮ್ಮ ಮಫ್ಲರ್ ಮುಗಿಯಿತು. ಮೂರೂವರೆ ಮೊಳ ಉದ್ದ. ನಾನೂರೈವತ್ತು ಸಾಲು. ಸಾಲಿಗೆ ನಲವತ್ತರಂತೆ ಹದಿನೆಂಟು ಸಾವಿರ ಕುಣಿಕೆ. ನಮ್ಮ ಕೈಗೆ ನಿಮಿಷಕ್ಕೆ ಎಂಟು ಕುಣಿಕೆ ಬಂದರೆ ಹೆಚ್ಚು. ಅಂದರೆ ಮೂವತ್ತೇಳೂವರೆ ಗಂಟೆ, ಬಿಚ್ಚಿದ್ದು ಬೇರೆ. ಅಕ್ಕನ ಕೈ ಗಡಿಯಾರ ಇಟ್ಟು ನೋಡಿದೆವು, ನಿಮಿಷಕ್ಕೆ ಇಪ್ಪತ್ತು. ಅವರಿಗೂ ಹದಿನೈದು ಗಂಟೆ ಬೇಕು. ಮನೆಕೆಲಸ, ಹಟ್ಟಿ, ಹೊಲ ಮುಗಿಸಿ ದಿನಕ್ಕೆ ಎರಡು ಗಂಟೆ ಕೂತರೆ ಒಂದು ವಾರ.

ಈಗ ಲೆಕ್ಕ. ಮಾರಿದ್ದು 250. ದಾರ 180. ಉಳಿದದ್ದು 70 ರೂಪಾಯಿ. ಹದಿನೈದು ಗಂಟೆಗೆ ಹಂಚಿದರೆ ಗಂಟೆಗೆ ಐದು ರೂಪಾಯಿಯೂ ಇಲ್ಲ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ದಿನಗೂಲಿ 349 ರೂಪಾಯಿ ಇತ್ತು. ಮಣ್ಣು ಹೊತ್ತಿದ್ದರೂ ಆ ಎರಡು ದಿನಕ್ಕೆ ಸುಮಾರು ಏಳು ನೂರು ಸಿಗುತ್ತಿತ್ತು.

ನಾವು ಬರೆದ ಆರು ಸಾವಿರ? 70ರಂತೆ ಆರು ಸಾವಿರ ಆಗಬೇಕಾದರೆ ತಿಂಗಳಿಗೆ 86 ಮಫ್ಲರ್ ಹಾಕಬೇಕು. 86ನ್ನು 15ರಿಂದ ಗುಣಿಸಿ: 1,290 ಗಂಟೆ. ಮೂವತ್ತು ದಿನದ ತಿಂಗಳಿಗೆ ಹಗಲು ರಾತ್ರಿ ಸೇರಿ ಇರುವುದೇ 720 ಗಂಟೆ. ನಿದ್ದೆ ಊಟ ಬಿಟ್ಟು ಹೆಣೆದರೂ ಆಗದ ಕೆಲಸವನ್ನು ನಾವು ಆಗಿಹೋಗಿದೆ ಅಂತ ಬರೆದಿದ್ದೆವು. ಇದಕ್ಕೆ ಬೇಕಾಗಿದ್ದು ನಾಲ್ಕನೇ ಕ್ಲಾಸಿನ ಗುಣಾಕಾರ.

ಬೆಲೆ ಏರಿಸಬಾರದಾ ಅಂತ ಕೇಳಬಹುದು. ನಾವೂ ಕೇಳಿದೆವು. ಚಳಿಗಾಲ ಬಂದರೆ ಪೇಟೆಗಳಲ್ಲಿ ಟಿಬೆಟನ್ನರು ಸ್ವೆಟರ್ ಅಂಗಡಿ ಇಡುವುದು ನೀವು ನೋಡಿರುತ್ತೀರಿ. ಬೈಲಕುಪ್ಪೆ, ಮುಂಡಗೋಡದ ಶಿಬಿರಗಳ ಎಷ್ಟೋ ಮನೆಗಳು ಬಹಳ ವರ್ಷ ಇದೇ ವ್ಯಾಪಾರದಲ್ಲಿ ಬದುಕಿವೆ. ಆ ಸ್ವೆಟರ್‌ಗಳು ಹೆಚ್ಚಾಗಿ ಪಂಜಾಬಿನ ಲೂಧಿಯಾನದ ಕಾರ್ಖಾನೆಗಳಿಂದ ಬರುತ್ತವೆ. ಮೆಷಿನ್ನಿಗೆ ಒಂದು ಮಫ್ಲರ್ ಹದಿನೈದು ಗಂಟೆಯ ಕೆಲಸ ಅಲ್ಲ. ಸಂತೆಯಲ್ಲಿ ನೂರು ರೂಪಾಯಿಗೆ ಸಿಗುವಾಗ ಇನ್ನೂರೈವತ್ತು ಕೊಡುವವರು ಯಾರು? ಐನೂರು ಕೇಳುವುದು ಹೇಗೆ? ಅಕ್ಕನ ಮಫ್ಲರ್ ಚೆನ್ನಾಗಿಲ್ಲ ಅಂತಲ್ಲ. ಅದನ್ನು ಕೊಳ್ಳುವವರು ಎಲ್ಲಿದ್ದಾರೆ ಅಂತ ಹೆಣೆಯುವ ಮೊದಲು ಯಾರೂ ಹುಡುಕಿರಲಿಲ್ಲ. ತರಬೇತಿ ನಡೆಸಿದವರಿಗೆ ಫೋನ್ ಮಾಡಿದೆವು. "ಕಲಿಸುವವರೆಗೆ ನಮ್ಮ ಜವಾಬ್ದಾರಿ ಸಾರ್, ಮಾರುವುದು ಅವರದ್ದು" ಅಂದರು.

ಇಷ್ಟನ್ನೂ ಬರೆದು ಪೇಪರಿಗೆ ಕಳಿಸಿದೆವು, ಹಿಂದಿನ ವರದಿಯಲ್ಲಿ ತಪ್ಪಾಗಿತ್ತು ಅನ್ನುವುದನ್ನೂ ಸೇರಿಸಿ. ಮೂರು ವಾರ ಬರಲಿಲ್ಲ. "ಎರಡು ವರ್ಷದ ಹಳೇ ಸುದ್ದಿ, ಯಾರಿಗೆ ಬೇಕು" ಅಂದರು. ದಿನಾ ಫೋನ್ ಮಾಡಿದ ಮೇಲೆ ಒಳಪುಟದಲ್ಲಿ ಒಂದು ಕಾಲಂ, ಫೋಟೋ ಇಲ್ಲದೆ ಬಂತು. ತಪ್ಪಾಗಿತ್ತು ಅನ್ನುವ ಸಾಲು ಜಾಗ ಸಾಲದೆ ಬಿದ್ದುಹೋಗಿತ್ತು. ಅದಕ್ಕೇ ಆ ಸಾಲನ್ನು ಇಲ್ಲಿ ಬರೆಯುತ್ತಿದ್ದೇವೆ: ಆ ಊರಿನ ಇಪ್ಪತ್ತು ಹೆಣ್ಣುಮಕ್ಕಳು ತಿಂಗಳಿಗೆ ಆರು ಸಾವಿರ ಗಳಿಸುತ್ತಿರಲಿಲ್ಲ. ನಾವು ವಿಚಾರಿಸದೆ ಬರೆದೆವು.

ಅಕ್ಕ ಹೆಣಿಗೆ ಬಿಟ್ಟಿಲ್ಲ. ಆ ಇಪ್ಪತ್ತರಲ್ಲಿ ನಾಲ್ಕು ಜನ ಈಗಲೂ ಹಾಕುತ್ತಾರೆ. ಆದರೆ ಯಾರಾದರೂ ಹೇಳಿದರೆ ಮಾತ್ರ. ಮಫ್ಲರ್ ಬಿಟ್ಟು ಕೂಸಿನ ಕುಲಾವಿ ಹಿಡಿದಿದ್ದಾರೆ. ಬಾಣಂತಿ ಮನೆಯವರು ಕೂಸಿಗೆ ಮೆತ್ತಗಿನದು ಬೇಕು ಅಂತ ಹುಡುಕಿಕೊಂಡು ಬರುತ್ತಾರೆ, ತೊಟ್ಟಿಲ ಶಾಸ್ತ್ರಕ್ಕೂ ಕೇಳುತ್ತಾರೆ. ಒಂದು ಕುಲಾವಿಗೆ 35 ರೂಪಾಯಿ ದಾರ, ನಾಲ್ಕು ಗಂಟೆ ಕೆಲಸ, 150 ರೂಪಾಯಿ ಬೆಲೆ. ಗಂಟೆಗೆ ಸುಮಾರು 29 ರೂಪಾಯಿ ಬಿತ್ತು. ಕೂಲಿಗೆ ಇದೂ ಸಮ ಅಲ್ಲ. ಆದರೆ ಮನೆಯಲ್ಲೇ ಕೂತು ಆಗುತ್ತದೆ, ಮಾಲು ಟ್ರಂಕಿಗೆ ಹೋಗುವುದಿಲ್ಲ. ತಿಂಗಳಿಗೆ ಮೂರೋ ನಾಲ್ಕೋ ಬರುತ್ತವೆ. ಅಗಲ ಕಡಿಮೆ ಇರುವುದರಿಂದ ಶೇಡೆಡ್ ದಾರದ ಪಟ್ಟೆಯೂ ಕುಲಾವಿಗೆ ಚೆನ್ನಾಗಿ ಬೀಳುತ್ತದೆ.

ನಿಮ್ಮೂರಲ್ಲೂ ಹೆಣಿಗೆ, ಹೊಲಿಗೆ, ಅಗರಬತ್ತಿ, ಹಪ್ಪಳ ಅಂತ ತರಬೇತಿ ಬರುತ್ತಿರುತ್ತದೆ. ಬೇಡ ಅನ್ನಬೇಡಿ, ಕಲಿತದ್ದು ಎಲ್ಲೂ ಹೋಗುವುದಿಲ್ಲ. ಆದರೆ ಮೊದಲ ದಿನವೇ ನಾಲ್ಕು ಪ್ರಶ್ನೆ ಕೇಳಿ. ಒಂದಕ್ಕೆ ಎಷ್ಟು ಗಂಟೆ ಬೇಕು? ಸಾಮಾನಿಗೆ ಎಷ್ಟು ಖರ್ಚು? ಯಾರು ಕೊಳ್ಳುತ್ತಾರೆ? ಅದೇ ಮಾಲು ಸಂತೆಯಲ್ಲಿ ಎಷ್ಟಕ್ಕೆ ಸಿಗುತ್ತದೆ? ಪೇಪರಿನವರು ಬಂದರೆ ಅವರಿಗೂ ಇದನ್ನೇ ಹೇಳಿ, ಅವರು ಕೇಳದಿದ್ದರೂ ಹೇಳಿ.

ಇದನ್ನು ಬರೆಯುವ ಮೊದಲು ಅಕ್ಕನ ಹತ್ತಿರ ಹೋಗಿ ಕೇಳಿದೆವು. ಹೆಸರು ಹಾಕುವುದಿಲ್ಲ, ಊರು ಹಾಕುವುದಿಲ್ಲ, ಬರೆಯಲಾ ಅಂತ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. ನಾವು ಕುತ್ತಿಗೆಗೆ ಸುತ್ತಿಕೊಂಡಿದ್ದ ಮಫ್ಲರ್ ಹಿಡಿದು ನೋಡಿದರು. ನಡುವೆ ಒಂದು ಕಡೆ ಹಳದಿ ಆದ ಮೇಲೆ ಕೇಸರಿ ಬರುವ ಬದಲು ಸೀದಾ ನೀಲಿ ಬಂದುಬಿಟ್ಟಿದೆ. ಎರಡನೇ ಉಂಡೆ ಶುರು ಮಾಡುವಾಗ ಮೊದಲ ಉಂಡೆ ಯಾವ ಬಣ್ಣಕ್ಕೆ ಮುಗಿದಿದೆಯೋ ಅದು ಸಿಗುವ ತನಕ ದಾರ ಬಿಚ್ಚಿ, ಅಲ್ಲಿಂದ ಹಿಡಿಯಬೇಕಿತ್ತು. ನಮಗೆ ಗೊತ್ತಿರಲಿಲ್ಲ.

"ಇಲ್ಲಿ ತಪ್ಪಿದೀರ" ಅಂದರು.

"ಹೌದಕ್ಕ."

"ಇರ್ಲಿ ಬಿಡಿ, ಬಿಚ್ಚಬ್ಯಾಡಿ" ಅಂದರು. ಆಮೇಲೆ, "ಬರೀರಿ. ಬಂದಿದ್ದು ಬರ್ದಂಗೆ ಖರ್ಚಾಗಿದ್ದೂ ಬರೀರಿ. ಮತ್ತೆ ಯಾರಾದ್ರೂ ಸಾಲ ಕೇಳಾಕೆ ಬಂದ್ರೆ ನಿಮ್ಮನೆಗೇ ಕಳಿಸ್ತೀನಿ."

ಕಳಿಸಲಿ. ವಿಳಾಸ ಕೊಟ್ಟು ಬಂದಿದ್ದೇವೆ.